ಸುನಿಮ್ ಅತ್ತಿಗೆ ಹಿಡಿದ ಹಟ

ನಕ್ತೊಂಗ್ ಹೊಳೆದಂಡೆಯ ನಮ್ಮೂರಲ್ಲಿ ಹಸಿ ಮೀನು ಹೆಚ್ಚುವುದರಲ್ಲಿ ಸುನಿಮ್ ಅತ್ತಿಗೆಯನ್ನು ಮೀರಿಸಿದವರಿಲ್ಲ. ಅವರ ಗಂಡ ಪಿಲ್ದು ನನಗಿಂತ ನಾಲ್ಕು ವರ್ಷ ದೊಡ್ಡವನು, ನನಗೆ ಅಣ್ಣನಿದ್ದಂತೆ; ಬಲೆ ಬೀಸುವವನು. ಅವನು ತಂದ ಹೊಳೆಮೀನನ್ನು ಅತ್ತಿಗೆ ತೆಳ್ಳಗೆ ಸೀಳಿಕೊಟ್ಟರೆ ನಾವು ಗಂಡಸರು ಖಾರದಲ್ಲಿ ಅದ್ದಿ ನುಂಗುತ್ತಿದ್ದೆವು. ಮೇಲೊಂದು ಗುಟುಕು ಸೋಜು ಸಾರಾಯಿ. ಯಾರಾದರೂ ಹಸಿ ಮೀನಿನೊಳಗಿನ ಹುಳದ ಮಾತೆತ್ತಿದರೆ ಪಿಲ್ದು, "ಸೋಜು ಒಳಗಿಳಿದ್ರೆ ಹುಳ ಏನು, ಹುಳದ ಅಪ್ಪನೂ ಸಾಯ್ತಾನೆ, ತಿನ್ರೋ" ಎನ್ನುತ್ತಿದ್ದ. ನಾವೂ ಹೂಂಗುಟ್ಟಿದವರೇ. ಎಂಥಾ ದಡ್ಡರು! ರುಚಿ ನೋಡದೆ ತಟ್ಟೆ ಕೊಡುವವರಲ್ಲ ಅತ್ತಿಗೆ. ಮೂವತ್ತು ವರ್ಷ, ಪ್ರತಿ ಮೀನಿನ ಮೊದಲ ತುಂಡು ಅವರ ಬಾಯಿಗೇ ಹೋಗಿತ್ತು.

ಕೊನೆಗೆ ಅತ್ತಿಗೆಯ ಲಿವರಿನೊಳಗಿನ ಪಿತ್ತನಾಳದಲ್ಲಿ ಗಡ್ಡೆ ಸಿಕ್ಕಿತು. ಬೇರೆ ಕಡೆ ಅಪರೂಪವಂತೆ ಈ ಕ್ಯಾನ್ಸರ್. ನಮ್ಮ ಹೊಳೆಸಾಲಿನಲ್ಲಿ ಅಲ್ಲ. ಹಸಿ ಮೀನಿನ ಹುಳ ವರ್ಷಗಟ್ಟಲೆ ಪಿತ್ತನಾಳದಲ್ಲಿ ಮನೆಮಾಡಿ ತರುವ ರೋಗ ಇದು.

"ಈಗ ಕತ್ತರಿಸೋಕಾಗಲ್ಲ, ದೊಡ್ಡದಿದೆ," ಎಂದರು ಡಾಕ್ಟರಮ್ಮ. "ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಗಡ್ಡೆಗೆ ರಕ್ತ ಒಯ್ಯೋ ನಾಳಕ್ಕೆ ವಿಕಿರಣದ ಗಾಜಿನ ಮಣಿ ಬಿಡ್ತೀವಿ. ಕೂದಲಿಗಿಂತ ಸಣ್ಣವು. ಅಲ್ಲೇ ಕೂತು ಗಡ್ಡೆ ಸುಡ್ತವೆ. ಕುಗ್ಗಿದ್ರೆ ಆಮೇಲೆ ಕತ್ತರಿಸಬಹುದು."

ಮಣಿಗಳು ಹೊರದೇಶದಿಂದ ಅವರೊಬ್ಬರಿಗೆಂದೇ ವಿಮಾನದಲ್ಲಿ ಬರಬೇಕು. ಮೂರು ದಿನ ತುಂಬುವುದರೊಳಗೆ ಅವುಗಳ ಕಸುವು ಅರ್ಧಕ್ಕಿಳಿಯುತ್ತದೆ. ಎತ್ತಿಟ್ಟು ನಾಳೆ ನೋಡೋಣ ಎನ್ನುವಂತಿಲ್ಲ.

ಮಣಿ ಬಿಡುವ ದಿನ ತಳ್ಳುಮಂಚ ಚಿಕಿತ್ಸೆ ಕೋಣೆಯ ಬಾಗಿಲಿಗೆ ಬಂದಾಗ ಅತ್ತಿಗೆ ಎದ್ದು ಕೂತರು.

"ರೀ, ಮೊನ್ನೆ ಭಾನುವಾರ ಮತ್ತೆ ಹಸಿ ಮೀನು ತಿಂದ್ರಂತೆ?"

ಪಿಲ್ದು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ಹಾಗಾದ್ರೆ ನಾನು ಒಳಗೆ ಹೋಗಲ್ಲ."

"ತಲೆ ಕೆಟ್ಟಿದ್ಯೇನೇ? ಮಣಿ ಬಂದು ಕೂತಿದೆ!"

"ಗೊತ್ತು. ಹೊತ್ತು ಹೋದಷ್ಟೂ ಅದರ ಕಸುವು ಹೋಗುತ್ತೆ ಅಂತಾನೂ ಗೊತ್ತು."

"ಇನ್ಮೇಲೆ ಮುಟ್ಟಲ್ಲ ಮಾರಾಯ್ತಿ, ಅಪ್ಪನಾಣೆ!"

"ಸತ್ತ ಮಾವನ ಮೇಲೆ ಇದು ನಾಲ್ಕನೇ ಆಣೆ. ಊರ ಮುಖ್ಯಸ್ಥರಿಗೆ ಫೋನ್ ಮಾಡಿ. ಆರೋಗ್ಯ ಕೇಂದ್ರದೋರು ಬಂದು ಎಲ್ಲಾ ಗಂಡಸ್ರ ಮಲ ಪರೀಕ್ಷೆ ಮಾಡ್ಲಿ. ಸೋಜು ಕಥೆ ಸುಳ್ಳು ಅಂತ ನಿಮ್ಮ ಬಾಯಲ್ಲೇ ಹೇಳಿ."

"ಅಮ್ಮಾ, ಇದು ಹಟ ಮಾಡೋ ಹೊತ್ತಲ್ಲ," ಎಂದರು ಡಾಕ್ಟರಮ್ಮ.

"ಇನ್ಯಾವಾಗ ಮಾಡ್ಲಿ ತಾಯಿ? ಬೇರೆ ದಿನ ಇವ್ರು ನನ್ನ ಮಾತು ಕೇಳ್ತಾರಾ?"

ಗಡಿಯಾರದ ಮುಳ್ಳು ಓಡುತ್ತಿತ್ತು. ಊರಲ್ಲಿ ಯಾರಿಗೂ ತಲೆ ತಗ್ಗಿಸದ ಪಿಲ್ದು, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಎಲ್ಲರ ಕಿವಿಗೂ ಬೀಳುವಂತೆ ಫೋನಿನಲ್ಲಿ ಹೇಳಿದ: "ನಾನು ಹೇಳ್ತಿದ್ದಿದ್ದು ಸುಳ್ಳು. ಸೋಜಿಗೆ ಹುಳ ಸಾಯಲ್ಲ. ನನ್ನ ಹೆಂಡ್ತಿ ಸಾಯ್ತಿದಾಳೆ." ಪರೀಕ್ಷೆಗೆ ಆರೋಗ್ಯ ಕೇಂದ್ರದವರನ್ನು ಕರೆಸಲೂ ಹೇಳಿದ. ಅತ್ತಿಗೆ ಮಲಗಿ, "ಈಗ ತಳ್ಳಿ" ಎಂದರು.

ಮುಂದಿನ ವಾರ ನಮ್ಮೂರ ಹತ್ತೊಂಬತ್ತು ಗಂಡಸರ ಪರೀಕ್ಷೆಯಾಯಿತು. ಎಂಟು ಜನರಲ್ಲಿ ಹುಳದ ಮೊಟ್ಟೆ ಸಿಕ್ಕಿತು. ಪಿಲ್ದುವಿನಲ್ಲಿತ್ತು. ನನ್ನಲ್ಲೂ ಇತ್ತು. ಎಂಟೂ ಜನರಿಗೆ ಹುಳ ಸಾಯಿಸುವ ಮಾತ್ರೆ ಕೊಟ್ಟರು. ನಾಲ್ಕು ತಿಂಗಳ ಮೇಲೆ ಅತ್ತಿಗೆಯ ಗಡ್ಡೆ ಅರ್ಧಕ್ಕಿಂತ ಸಣ್ಣದಾಯಿತು; ಡಾಕ್ಟರು ಅದನ್ನು ಕತ್ತರಿಸಿ ತೆಗೆದರು.

ಅವರು ಮನೆಗೆ ಬಂದ ದಿನ ನೋಡಲು ಹೋದೆ. ಸಾವಿನ ಬಾಗಿಲಲ್ಲಿ ಕೂತು ನಮ್ಮ ಜೀವಕ್ಕೆ ಚೌಕಾಸಿ ಮಾಡಿದ ಹೆಂಗಸಿಗೆ ಏನು ಹೇಳಲಿ? ಹೊಸಿಲಲ್ಲೇ ನಿಂತು ಅತ್ತುಬಿಟ್ಟೆ.

"ಅಳು ಸಾಕು, ಗಿಲ್ಯೊಂಗ್," ಎಂದರು ಅತ್ತಿಗೆ. "ಮಾತ್ರೆ ಪೂರ್ತಿ ನುಂಗಿದ್ಯೋ ಇಲ್ವೋ, ಅದನ್ನ ಹೇಳು."