ಹಿಂದಿನ ಸೀಟಿನ ಶಾಂತಕುಮಾರಿ

ಆ ಭಾನುವಾರ ಬೆಳಿಗ್ಗೆ ಹೊಳೆನರಸೀಪುರದ ಪೇಟೆ ಬೀದಿಗೆ ನೀಲಿ ಕಾರೊಂದು ಬಂದು ನಿಂತಿತು. ಬೀದಿಯ ಅಗಲಕ್ಕೆ ಇದು ತಿರುಗೀತೇ ಅನ್ನುವಷ್ಟು ಉದ್ದ. ಶಾಂತಕುಮಾರಿ ಗ್ಯಾಸ್ ಆರಿಸಿ, ಸೆರಗಿನ ತುದಿಗೆ ನಿಂಬೆಹಣ್ಣು ಗಂಟು ಹಾಕಿಕೊಂಡು ಹೊರಗೆ ಬಂದಳು.

"ಬಾರೆ ಬೇಗ, ಗೌಡ್ರು ಕಾಯ್ತಾವ್ರೆ," ಅಂದ ಗಂಡ ಸಿದ್ದೇಶ್ವರ.

"ನಿಂಬೆಹಣ್ಣು ತಕ್ಕೊಂಡೆ ಕಣ್ರೀ."

"ತಕ್ಕೊ, ತಕ್ಕೊ. ಓದ್ಸಲದಂಗೆ ಮೂಸ್ದೆನೇ ವಾಪಸ್ ತಂದು ಸಾರಿಗೆ ಇಂಡ್ಕೊ."

ಸಿದ್ದೇಶ್ವರ ಬದಲಿ ಡ್ರೈವರ್. ಸ್ವಂತ ಕಾರಿಲ್ಲ. ಯಾರ ಮನೆಯ ಡ್ರೈವರ್ ರಜೆ ಹಾಕಿದರೂ ಅವನನ್ನು ಕರೆಯುವರು. ಇಪ್ಪತ್ತಾರು ವರ್ಷ ಹೀಗೆ ಕಂಡವರ ಕಾರು ಓಡಿಸಿದ್ದರಿಂದ ಅವನು ಕೂರದ ಕಾರಿಲ್ಲ. ಹಾಗಾಗಿ ಹೊಸ ಕಾರು ಕೊಳ್ಳುವವರು ಮೊದಲು ಅವನ ಕೈಗೆ ಕೊಟ್ಟು ಓಡಿಸಿ ನೋಡು ಅನ್ನುವರು. ಅವನದು ಒಂದೇ ಷರತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ ಕೂರಬೇಕು.

ಅದಕ್ಕೆ ಕಾರಣವಿತ್ತು. ಶಾಂತಕುಮಾರಿಗೆ ಬಸ್ಸು ಆಗದು. ಬಸ್‌ಸ್ಟ್ಯಾಂಡ್ ಬಿಟ್ಟ ಬಸ್ಸು ಹೇಮಾವತಿ ಸೇತುವೆ ದಾಟುವುದರೊಳಗೆ ಅವಳ ತಲೆ ಕಿಟಕಿಯ ಹೊರಗಿರುತ್ತಿತ್ತು. ಆಟೋ ಆಗದು. ಮದುವೆ ಟೆಂಪೋ ಆಗದು. ಅಂಥವಳು ವಾಂತಿ ಮಾಡದೆ ಇಳಿದಳು ಅಂದರೆ ಕಾರು ಒಳ್ಳೆಯದು ಅಂತ ಲೆಕ್ಕ. "ಶಾಂತಕ್ಕನ ಹೊಟ್ಟೆ ಪಾಸ್ ಮಾಡ್ತಾ?" ಅಂತ ಪೇಟೆಯವರು ಕೇಳುವರು. ಅವಳಿಗೆ ನಾಚಿಕೆ. ಅದರೊಳಗೇ ಸ್ವಲ್ಪ ಹೆಮ್ಮೆ.

ಈ ಸಲ ಕರೆಸಿದ್ದು ತೆಂಗಿನಕಾಯಿ ವ್ಯಾಪಾರದ, ಅಕ್ಕಿ ಮಿಲ್ಲಿನ ರವೀಂದ್ರ ಗೌಡ. ಅವನಿಗೆ ಷೋಕಿ ಇರಲಿಲ್ಲ. ತಾಯಿ ಬೆಟ್ಟಮ್ಮನ ಕಿಡ್ನಿ ಎರಡೂ ಹೋಗಿದ್ದವು. ವಾರಕ್ಕೆ ಮೂರು ಸಲ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಮಿಷನ್ನಿಗಿಂತ ದಾರಿಯೇ ಮುದುಕಿಯನ್ನು ಕೊಲ್ಲುತ್ತಿತ್ತು. ರವೀಂದ್ರ ತಾನೇ ಕಾರು ಓಡಿಸುತ್ತಿದ್ದ. ಹೋಗುವಾಗ ಎರಡು ಸಲ, ಬರುವಾಗ ಮೂರು ಸಲ ವಾಂತಿ. ಮೂರು ತಿಂಗಳಿಗೆ ಬೆಟ್ಟಮ್ಮ ಅರ್ಧ ಆಗಿದ್ದಳು. "ಇನ್ನು ನನ್ ಕೈಲಾಗಕಿಲ್ಲ, ಬುಟ್ಬುಡ್ಲಾ," ಅನ್ನುತ್ತಿದ್ದಳು. ಬಿಟ್ಟರೆ ಎಷ್ಟು ದಿನ ಅಂತ ಡಾಕ್ಟರು ರವೀಂದ್ರನಿಗೆ ಹೇಳಿದ್ದರು. ಬಹಳ ದಿನ ಅಲ್ಲ. ದೊಡ್ಡ ಕಾರಿನಲ್ಲಿ ಅಲುಗಾಟ ಇರುವುದಿಲ್ಲ ಅಂತ ಯಾರೋ ಅಂದರು. ಅಲ್ಲಿಂದ ಶುರುವಾಯಿತು ಈ ಕಾರು ನೋಡುವುದು.

ಕಾರುಗಳ ಹೆಸರಿಗೆ ಶಾಂತಕುಮಾರಿಯ ನಾಲಿಗೆ ಹೊರಳದು. ಬಣ್ಣದ ಮೇಲೆ ಗುರುತು. ಮೊದಲನೆಯದು ಕಪ್ಪು. ಅದನ್ನು ಚನ್ನರಾಯಪಟ್ಟಣದ ರಸ್ತೆಗೆ ಒಯ್ದಿದ್ದರು. ಒಳಗೆ ಕೂತರೆ ಹೊರಗಿನ ಹಾರ್ನೂ ಕೇಳದು. ಆದರೆ ಹಂಪು ಬಂದಾಗ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿತು. ಸಿದ್ದೇಶ್ವರ ಹಲ್ಲು ಕಚ್ಚಿದ. ಎರಡನೆಯದು ಬೂದಿ ಬಣ್ಣದ್ದು, ಹಾಸನದ ರಸ್ತೆಯಲ್ಲಿ. ಸೀಟು ಹತ್ತಿ ಮೂಟೆಯಂತೆ ಮೆತ್ತಗೆ. ಕೂತರೆ ಹೂತುಹೋಗಬೇಕು. ಇಳಿಯುವಾಗ ಶಾಂತಕುಮಾರಿಯೇ ಬಾಗಿಲು ಹಿಡಿದು ಏಳಬೇಕಾಯಿತು. ಇನ್ನು ಬೆಟ್ಟಮ್ಮನ ಮಂಡಿ ಏನಾದೀತು. ಎರಡರಲ್ಲೂ ವಾಂತಿ ಬರಲಿಲ್ಲ.

ಮೂರನೆಯದು ಈ ನೀಲಿ. ಈಗಷ್ಟೇ ಬಂದ ಮಾಡೆಲ್ಲು. ಬೆಂಗಳೂರಿನ ಷೋರೂಮಿನಿಂದ ಅದನ್ನು ತಂದವನು ರಜನೀಶ್. ಟೈ ಕಟ್ಟಿದ್ದ. ಆ ದಿನ ಬೆಟ್ಟಮ್ಮನನ್ನೂ ಹಿಂದೆ ಕೂರಿಸಿದರು. ಮುಂದೆ ಸಿದ್ದೇಶ್ವರನ ಪಕ್ಕ ರಜನೀಶ್. ರವೀಂದ್ರ ತನ್ನ ಹಳೇ ಕಾರಿನಲ್ಲಿ ಹಿಂದೆ ಬಂದ. ಅರಕಲಗೂಡಿನ ದಾರಿ ಹಿಡಿದರು.

"ಅಮ್ಮಾ, ಸೀಟೇ ಬೆನ್ನು ಒತ್ತುತ್ತೆ. ಮಸಾಜು. ಹಾಕ್ಲಾ?" ಅಂದ ರಜನೀಶ್.

"ನನ್ ಸೊಸೇನೇ ಒತ್ತಕಿಲ್ಲ, ಸೀಟು ಒತ್ತದೇ? ಆಕು ನೋಡವ," ಅಂದಳು ಬೆಟ್ಟಮ್ಮ. ಆಮೇಲೆ ಕಚಗುಳಿ ಆಗುತ್ತದೆ ನಿಲ್ಲಿಸಪ್ಪಾ ಅಂತ ಕಿರುಚಿದಳು.

ಅರಕಲಗೂಡು ಬಂದಿದ್ದು ಗೊತ್ತಾಗಲಿಲ್ಲ. ಬೆಟ್ಟಮ್ಮ ಇಳಿದವಳೇ ಇಡ್ಲಿ ಕೇಳಿದಳು. ಮೂರು ತಿಂಗಳಿನಲ್ಲಿ ಮೊದಲ ಸಲ ಬಾಯಿಬಿಟ್ಟು ಊಟ ಕೇಳಿದ್ದು. ರವೀಂದ್ರ ಮುಖ ಆಚೆ ತಿರುಗಿಸಿಕೊಂಡು ಹೋಟೆಲಿಗೆ ನುಗ್ಗಿದ. ಅರ್ಧ ಇಡ್ಲಿ ತಿಂದಳು. ಬರುವಾಗ ಶಾಂತಕುಮಾರಿಯ ಭುಜಕ್ಕೆ ಒರಗಿ ನಿದ್ದೆ ಮಾಡಿದಳು.

"ಹೆಂಗೆ ಸಿದ್ದಣ್ಣ, ಇದೇ ಅಲ್ವಾ?" ಅಂತ ರವೀಂದ್ರ ಮನೆ ಮುಂದೆ ಕೇಳಿದ.

ಸಿದ್ದೇಶ್ವರ ಕೂದಲು ಕೆರೆದುಕೊಂಡ. "ನಾಳಿಕ್ ಏಳ್ತೀನಿ ಸಾ."

"ಯಾಕೆ, ಏನಾದ್ರೂ ದೋಸ ಐತಾ?"

"ದೋಸ ಏನಿಲ್ಲ. ಒಂದ್ ಮಾತದೆ. ನಾಳಿಕ್ ಬತ್ತೀನಿ."

ಮನೆಯಲ್ಲಿ ಶಾಂತಕುಮಾರಿ ಆ ಮಾತು ಏನು ಅಂತ ಕೇಳಲಿಲ್ಲ. ಕೇಳಬೇಕಿತ್ತು. ಹುರುಳಿಕಾಳು ಸಾರು ಮಾಡಿದ್ದಳು. ಎರಡು ಸಲ ಹಾಕಿಸಿಕೊಂಡ.

ಸೋಮವಾರ ಬೆಳಿಗ್ಗೆ ಆರೂವರೆಗೆ ಸಿದ್ದೇಶ್ವರ ಜಗಲಿಯ ಮೇಲೆ ಕೂತು ಚಪ್ಪಲಿ ಹಾಕುತ್ತಿದ್ದ. ಒಂದು ಕಾಲಿಗೆ ಹಾಕಿದ. ಇನ್ನೊಂದು ಕಾಲಿಗೆ ಬಗ್ಗಿದವನು ಏಳಲಿಲ್ಲ. ಆಸ್ಪತ್ರೆಗೆ ಒಯ್ದರು. ಆಗಲೇ ಮುಗಿದಿತ್ತು ಅಂದರು.

ಮಣ್ಣು ಮಾಡಿದರು. ಹನ್ನೊಂದನೇ ದಿನದ ಊಟಕ್ಕೆ ರವೀಂದ್ರನ ಮಿಲ್ಲಿನಿಂದ ಅಕ್ಕಿ ಬಂತು. ಯಾರೂ ಕೇಳಿರಲಿಲ್ಲ. ಮಗಳು ದಿವ್ಯಾ ಚನ್ನರಾಯಪಟ್ಟಣದಿಂದ ಬಂದು ಹದಿನೈದು ದಿನ ಇದ್ದು ಹೋದಳು. ಶಾಂತಕುಮಾರಿ ಅಳಲಿಲ್ಲ. ಅಳು ಎಲ್ಲೋ ಗಟ್ಟಿಯಾಗಿ ಕೂತಿತ್ತು.

ಮಗಳು ಹೋದ ಮಾರನೇ ದಿನ ರವೀಂದ್ರ ಬಂದ. ಕುರ್ಚಿ ಹಾಕಿದರೂ ಕೂರಲಿಲ್ಲ.

"ಅಕ್ಕಾ, ಈ ಒತ್ನಲ್ಲಿ ಕೇಳ್ಬಾರ್ದು. ಸಿದ್ದಣ್ಣ ಆ ಕಾರಿನ ಇಸ್ಯ ನಿಮ್ ಹತ್ರ ಏನಾದ್ರೂ ಅಂದಿದ್ರಾ?"

"ಇಲ್ಲ."

ಸುಳ್ಳು ಹೇಳಬಹುದಿತ್ತು. ಕಾರು ಒಳ್ಳೆಯದು ಅಂದರು ಅಂದಿದ್ದರೆ ಅವನಿಗೂ ಸಮಾಧಾನ. ಆದರೆ ಅಂದಿರಲಿಲ್ಲ.

ರವೀಂದ್ರ ನಡೆದದ್ದು ಹೇಳಿದ. ಅದೇ ನೀಲಿ ಕಾರನ್ನು ರಜನೀಶ್ ಮತ್ತೆ ತಂದಿದ್ದ. ಅದರಲ್ಲೇ ಅವ್ವನನ್ನು ಹಾಸನಕ್ಕೆ ಕರೆದುಕೊಂಡು ಹೋಗೋಣ ಅಂತ ರವೀಂದ್ರನೇ ಓಡಿಸಿದ. ಮೊಸಳೆಹೊಸಹಳ್ಳಿ ಬರುವುದರೊಳಗೆ ಬೆಟ್ಟಮ್ಮ ಎರಡು ಸಲ ವಾಂತಿ ಮಾಡಿಕೊಂಡಳು. ಮನೆಗೆ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಇನ್ನು ಬರುವುದಿಲ್ಲ ಅಂದಿದ್ದಾಳೆ. ಒಂದು ಸರದಿ ಆಗಲೇ ತಪ್ಪಿದೆ.

"ಅವತ್ತು ಸರಿ ಇದ್ದ ಕಾರು ಇವತ್ತು ಯಾಕಕ್ಕಾ ಇಂಗೆ? ಸಿದ್ದಣ್ಣಂಗೆ ಏನೋ ಗೊತ್ತಾಗಿತ್ತು. ನೀವೊಂದ್ಸಲ ಕೂತು ನೋಡ್ತೀರಾ?"

ಶಾಂತಕುಮಾರಿ ಸೀರೆ ಬದಲಾಯಿಸಿ ಬಂದಳು. ಗಂಡ ಸತ್ತು ತಿಂಗಳಾಗಿಲ್ಲ, ಕಾರು ಹತ್ತಿದಳು ಅಂತ ಬೀದಿಯಲ್ಲಿ ಮಾತಾಡಿಕೊಂಡರು. ಆಡಿಕೊಳ್ಳಲಿ.

ರಜನೀಶ್ ಓಡಿಸಿದ. ರವೀಂದ್ರ ಅವನ ಪಕ್ಕ. ಹಿಂದೆ ಶಾಂತಕುಮಾರಿ ಒಬ್ಬಳೇ. ಅದೇ ಅರಕಲಗೂಡಿನ ದಾರಿ.

"ಮೇಡಂ, ಪಿಕಪ್ ನೋಡಿ," ಅಂತ ರಜನೀಶ್ ಒತ್ತಿದ. ಅವಳ ಬೆನ್ನು ಸೀಟಿಗೆ ಬಡಿಯಿತು. "ಈಗ ಬ್ರೇಕ್ ನೋಡಿ." ಹಣೆ ಮುಂದಿನ ಸೀಟಿಗೆ ಬಂತು. ತಿರುವಿನೊಳಗೆ ಹೋಗಿ ಆಮೇಲೆ ನಿಧಾನ ಮಾಡುತ್ತಿದ್ದ. ಲಾರಿ ಹಿಂದೆ ಅಂಟಿಕೊಂಡು, ಬಿಟ್ಟು, ಮತ್ತೆ ಅಂಟಿಕೊಳ್ಳುತ್ತಿದ್ದ. ಎಂಟನೇ ಮೈಲಿಗೆ ಶಾಂತಕುಮಾರಿ "ನಿಲ್ಸಪ್ಪಾ!" ಅಂದಳು. ಬಾಗಿಲು ತೆಗೆಯುವಷ್ಟು ಹೊತ್ತು ಇತ್ತು, ಅಷ್ಟೇ.

ಮೋರಿ ಕಟ್ಟೆಯ ಮೇಲೆ ಕೂತು ಬಾಯಿ ಮುಕ್ಕಳಿಸಿದಳು.

"ಇದೂ ಆಗಕಿಲ್ಲ ಅನ್ನಿ," ಅಂದ ರವೀಂದ್ರ. ಅವನ ದನಿ ಬಿದ್ದುಹೋಗಿತ್ತು. "ಇನ್ಯಾವ್ ಕಾರು ತರ್ಲಿ?"

ಶಾಂತಕುಮಾರಿ ನೀಲಿ ಕಾರಿನ ಕಡೆ ನೋಡಿದಳು. ಅದೇ ಕಾರು. ಅದೇ ದಾರಿ. ಅದೇ ಹೊಟ್ಟೆ. ಬದಲಾಗಿದ್ದು ಒಂದೇ.

ಇಷ್ಟು ವರ್ಷದಲ್ಲಿ ಗಂಡ ಓಡಿಸಿದ ಯಾವ ಕಾರಿನಲ್ಲಿ ತನಗೆ ವಾಂತಿಯಾಗಿತ್ತು ಅಂತ ನೆನೆದಳು. ಕಪ್ಪು ಕಾರು, ಬೂದಿ ಕಾರು, ಅದಕ್ಕೂ ಹಿಂದಿನ ಹತ್ತಾರು ಕಾರು, ಮದುವೆಯ ಹೊಸದರಲ್ಲಿ ರಾಮನಾಥಪುರಕ್ಕೆ ಕೂರಿಸಿಕೊಂಡು ಹೋದ ಬಾಡಿಗೆ ಅಂಬಾಸಿಡರು. ಆ ಅಂಬಾಸಿಡರಿಗೆ ಒಂದು ಬಾಗಿಲು ಹಗ್ಗದಲ್ಲಿ ಕಟ್ಟಿತ್ತು. ಅದರಲ್ಲೂ ಆಗಿರಲಿಲ್ಲ. ಒಂದರಲ್ಲೂ ಆಗಿರಲಿಲ್ಲ. ಪಾಸಾದ ಕಾರುಗಳನ್ನು ಎಲ್ಲರೂ ಎಣಿಸಿದ್ದರು. ಫೇಲಾದ ಕಾರು ಒಂದೂ ಇಲ್ಲ ಅನ್ನುವುದನ್ನು ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಅಲ್ಲಿಯೇ ಅಳು ಬಂತು. ರಸ್ತೆ ಬದಿ, ಇಬ್ಬರು ಗಂಡಸರ ಎದುರಿಗೆ, ಬಾಯಿಬಿಟ್ಟು ಅತ್ತಳು. ರವೀಂದ್ರ ತಡೆಯಲಿಲ್ಲ. ಅದಕ್ಕೆ ಅವಳು ಇವತ್ತಿಗೂ ಅವನನ್ನು ನೆನೆಯುತ್ತಾಳೆ.

ಅತ್ತು ಮುಗಿಸಿ, "ಕಾರಲ್ಲಪ್ಪ, ಕಾಲು," ಅಂದಳು.

"ಏನಕ್ಕಾ?"

"ವಾಂತಿ ಬರ್ಸೋದು ಕಾರಲ್ಲ. ಓಡ್ಸೋನ ಕಾಲು. ಅವರ ಕಾಲು ಮೆತ್ತಗಿತ್ತು. ಅದು ನಂಗೇ ಗೊತ್ತಿರ್ಲಿಲ್ಲ."

ಅವತ್ತು ಸಿದ್ದೇಶ್ವರ ನಾಳೆ ಹೇಳುತ್ತೇನೆ ಅಂದಿದ್ದು ಇದೇ ಇರಬೇಕು. ಕಾರಿಗಿಂತ ಡ್ರೈವರ್ ನೋಡಿ ಅಂದರೆ, ನನ್ನನ್ನೇ ಇಟ್ಟುಕೊಳ್ಳಿ ಅಂತ ಕೇಳಿದಂತಾಗುತ್ತದೆ. ಅವನು ಬಾಯಿಬಿಟ್ಟು ಕೇಳುವವನಲ್ಲ. ಅದಕ್ಕೇ ಒಂದು ದಿನ ತಡೆದಿದ್ದನೋ ಏನೋ. ಹೌದೋ ಅಲ್ಲವೋ ಹೇಳುವವರು ಯಾರು.

"ಹಂಗಾದ್ರೆ ಕಾರ್ ಚೆನ್ನಾಗಿದೆ ಅಂತಾಯ್ತಲ್ಲ ಮೇಡಂ," ಅಂದ ರಜನೀಶ್.

"ನೀನು ಇಂದ್ಗಡೆ ಕೂತ್ಕೋ. ಗೌಡ್ರು ಓಡುಸ್ಲಿ. ಆಮೇಲೆ ಮಾತಾಡು."

ರವೀಂದ್ರ ಓಡಿಸಿದ. ಊರು ಸೇರುವಾಗ ರಜನೀಶ್ ಟೈ ಸಡಿಲ ಮಾಡಿಕೊಂಡು ಕಿಟಕಿಯ ಗಾಜು ಇಳಿಸಿದ್ದ.

ದಿಲೀಪ್‌ನನ್ನು ಡ್ರೈವರಾಗಿ ಇಟ್ಟುಕೊಳ್ಳಿ ಅಂತ ಹೇಳಿದ್ದು ಶಾಂತಕುಮಾರಿಯೇ. ನಲವತ್ತು ದಾಟಿದ ಆಳು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗಂಡನ ಜೊತೆಗಾರ. ಕುಡಿಯುವುದಿಲ್ಲ, ಆತುರವೂ ಇಲ್ಲ. ರವೀಂದ್ರನ ಹಳೇ ಕಾರನ್ನೇ ಅವನ ಕೈಗೆ ಕೊಟ್ಟು ಅವಳು ಹಿಂದೆ ಕೂತಳು.

ಮೊದಲು ಡ್ಯಾಷ್‌ಬೋರ್ಡಿನ ಮೇಲಿದ್ದ ಸೆಂಟಿನ ಬಾಟಲಿ ತೆಗೆಸಿದಳು. ಆಮೇಲೆ ಶುರು. "ಬ್ರೇಕ್ ಮುಟ್ಟೋಕ್ಮುಂಚೆ ಒತ್ತಿರೋ ಕಾಲು ಎತ್ತು. ಗಾಡಿ ತಾನೇ ಸುಸ್ತಾಗ್ಲಿ." "ತಿರುವು ಕಂಡಾಗ್ಲೇ ನಿಧಾನ, ಒಳಿಕ್ ಓದ್ಮೇಲಲ್ಲ." "ಹಂಪು ಬಂತು ಅಂತ ಬಾಯ್ಬುಟ್ಟು ಏಳು. ಇಂದ್ ಕೂತೋರಿಗೆ ಕಾಣಕಿಲ್ಲ." ಅವಳಿಗೆ ಯಾರೂ ಇದನ್ನು ಕಲಿಸಿರಲಿಲ್ಲ. ಗಂಡನ ಭುಜ ಯಾವಾಗ ಸಡಿಲವಾಗುತ್ತಿತ್ತು, ಯಾವಾಗ ಹಂಪು ಅಂತ ಕೂಗುತ್ತಿದ್ದ, ಹಿಂದೆ ಕೂತು ನೋಡಿದ್ದಳು. ಅದೇ ಪಾಠ.

"ಅಕ್ಕಾ, ಇಷ್ಟೆಲ್ಲಾ ಏಳ್ತೀರಲ್ಲ, ನಿಮಗೆ ಸ್ಟೇರಿಂಗ್ ಇಡಿಯಕ್ ಬತ್ತದಾ?" ಅಂದ ದಿಲೀಪ್, ಮೂರನೇ ದಿನ.

"ಇಲ್ಲ. ವಾಂತಿ ಮಾಡಕ್ ಬತ್ತದೆ. ಮಾಡ್ಲಾ?"

"ಬ್ಯಾಡಿ ಬ್ಯಾಡಿ, ತೊಳ್ಯೋನು ನಾನೇ."

ಐದನೇ ದಿನ ಹಾಸನಕ್ಕೆ ಹೋಗಿ ಬಂದರೂ ಅವಳ ಹೊಟ್ಟೆ ಕಲಕಲಿಲ್ಲ. ಅಷ್ಟರೊಳಗೆ ಬೆಟ್ಟಮ್ಮನಿಗೆ ಕಾಲು ಊದಿತ್ತು, ಉಸಿರು ಕಟ್ಟುತ್ತಿತ್ತು. ಆಂಬುಲೆನ್ಸಿನಲ್ಲಿ ಒಂದು ಸಲ ಒತ್ತಾಯದಿಂದ ಒಯ್ದು ತಂದಿದ್ದರು. ಶಾಂತಕುಮಾರಿ ಮುದುಕಿಯ ಮಂಚದ ಪಕ್ಕ ಹೋಗಿ ನಿಂತಳು.

"ಎದ್ದೇಳವ್ವಾ. ನಾನೂ ಜೊತೆಗ್ ಬತ್ತೀನಿ. ವಾಂತಿ ಬಂದ್ರೆ ನನ್ ಮಡಿಲಿಗೆ ಮಾಡು."

"ನಿನ್ ಗಂಡ ಓಡುಸ್ತಾನಾ?"

"ಅವರಂಗೆ ಓಡ್ಸೋನು."

ಬೆಟ್ಟಮ್ಮ ಗೋಡೆಯ ಕಡೆಯಿಂದ ಈಚೆ ಹೊರಳಿದಳು. "ಇಡ್ಕೊ ಕೈಯ," ಅಂದಳು.

ಹೋಗುವಾಗ ಬೆಟ್ಟಮ್ಮ ಕಣ್ಣು ಮುಚ್ಚಿ ಕೂತಿದ್ದಳು. ದಿಲೀಪ್ ಪ್ರತಿ ಹಂಪಿಗೂ ಕೂಗಿದ. ಆಸ್ಪತ್ರೆ ಬಾಗಿಲಲ್ಲಿ ಕಣ್ಣು ಬಿಟ್ಟು, "ಬಂದ್ಬುಡ್ತಾ?" ಅಂದಳು. ಬರುವಾಗ ಮಾತಿಗೆ ಶುರು ಮಾಡಿದಳು.

"ಅಲ್ಲ ಕಣ್ಲೇ ಶಾಂತಿ, ನಿನ್ ಹೊಟ್ಟೆ ಮೀಟ್ರು ಅಂತ ಸಿದ್ದ ಊರೆಲ್ಲಾ ನಂಬ್ಸಿದ್ನಲ್ಲ. ಬಸ್ಸಾಗದ ಹೆಂಡ್ರುನ್ನ ಕಂಡೋರ್ ಕಾರಲ್ಲಿ ಸುತ್ತಾಡ್ಸಕ್ಕೆ ನೆಪ ಕಣೇ ಅದು. ನಿಂಗೂ ಗೊತ್ತಾಗ್ನಿಲ್ವಾ, ಪೆದ್ದಿ?"

ದಿಲೀಪ್ ಮುಂದೆ ಕೂತು ನಕ್ಕ. ಶಾಂತಕುಮಾರಿ ಕಿಟಕಿಯ ಕಡೆ ತಿರುಗಿದಳು. ಚನ್ನರಾಯಪಟ್ಟಣ, ಅರಕಲಗೂಡು, ಹಾಸನ, ರಾಮನಾಥಪುರದ ಹೊಳೆ. ತಾನು ಕಂಡ ಊರೆಲ್ಲ ಹೀಗೆ ಹಿಂದಿನ ಸೀಟಿನಿಂದ ಕಂಡದ್ದು. ನೆಪವೇ ಇರಲಿ. ಇಪ್ಪತ್ತಾರು ವರ್ಷ ಒಂದು ಜಗ್ಗು ಇಲ್ಲದೆ ಕೂರಿಸಿಕೊಂಡು ಹೋದನಲ್ಲ, ಅಷ್ಟು ಸಾಕು ಅನ್ನಿಸಿತು.

ಕೊನೆಗೆ ರವೀಂದ್ರ ನೀಲಿ ಕಾರನ್ನೇ ಕೊಂಡ. ಅದೂ ಅವಳನ್ನು ಕೇಳಿಯೇ. ಮಸಾಜಿಗಲ್ಲ, ಪಿಕಪ್ಪಿಗಲ್ಲ. ಕಪ್ಪು ಕಾರಿಗೆ ನಮ್ಮ ಹಂಪು ಆಗದು. ಬೂದಿ ಕಾರಿನಿಂದ ಮಂಡಿ ನೋವಿನವರು ಏಳಲಾರರು. ನೀಲಿ ಕಾರಿನ ಹಿಂದಿನ ಬಾಗಿಲು ಅಗಲಕ್ಕೆ ತೆರೆಯುತ್ತದೆ, ಸೀಟು ಗಟ್ಟಿ, ಕಾಲು ನೆಲಕ್ಕೆ ಸಿಗುತ್ತದೆ. ಅಷ್ಟೇ ಅವಳು ಹೇಳಿದ್ದು. ಬೆಟ್ಟಮ್ಮ ಈಗ ವಾರಕ್ಕೆ ಮೂರು ಸಲ ಹೋಗುತ್ತಾಳೆ. ಇನ್ನೊಬ್ಬರ ಕೈ ಹಿಡಿಯದೆ ಇಳಿಯುತ್ತಾಳೆ. ಪಕ್ಕದಲ್ಲಿ ಶಾಂತಕುಮಾರಿ ಇರುತ್ತಾಳೆ.

ದಿಲೀಪ್ ಸಂಜೆ ಮನೆಗೆ ಹೋಗುವಾಗ ಕಾರು ಒರೆಸುವ ಬಟ್ಟೆಗಳನ್ನು ಅವಳ ಜಗಲಿಯ ಮೇಲೆ ಇಟ್ಟು ಹೋಗುತ್ತಾನೆ. ಅವನು ಒಗೆದರೆ ಎಲ್ಲ ಒಂದೇ ಬಕೆಟ್ಟಿಗೆ ಹಾಕುತ್ತಾನೆ. ಗಂಡ ಕಾರು ಒರೆಸುತ್ತಿದ್ದ ಬಟ್ಟೆಗಳನ್ನು ಒಗೆಯುತ್ತಿದ್ದ ಹಾಗೆಯೇ ಬೆಳಿಗ್ಗೆ ಎದ್ದು, ಬಾಗಿಲಿಗೆ ನೀರು ಹಾಕಿ, ಅವಳು ಅವನ್ನು ಒಗೆಯಲು ಕೂರುತ್ತಾಳೆ. ಗಾಜಿನದು ಬೇರೆ, ಮೈಯದು ಬೇರೆ, ಚಕ್ರದ್ದು ಬೇರೆ. ಗಾಜಿನ ಬಟ್ಟೆಗೆ ಸೋಪು ಹಾಕಬಾರದು. ಬರೀ ನೀರಿನಲ್ಲಿ ಮೂರು ಸಲ ಜಾಲಿಸಿ, ಹಿಂಡಿ, ತಂತಿಯ ಮೇಲೆ ಹರವುತ್ತಾಳೆ.