ಹಾರಿಹೋದ ಸಾಲು

ಹನ್ನೆರಡು ಮಹಡಿಯ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಈ ಮನುಷ್ಯನಿಗೆ ಅಲ್ಲಿಯವರು ಇಟ್ಟ ಹೆಸರು ತಟ್ಟೆರಾಯ. ಹಳೆಯ ಗ್ರಾಮಫೋನ್ ತಟ್ಟೆಗಳ ಹುಚ್ಚು ಹತ್ತಿಸಿಕೊಂಡವನಿಗೆ ಬೇರೆ ಯಾವ ಹೆಸರು ಸಿಗಬೇಕು? ದಿನವಿಡೀ ಜನರನ್ನು ಮೇಲೆ ಕೆಳಗೆ ಸಾಗಿಸಿ, ಸಂಜೆ ಎರಡು ಕೋಣೆಯ ಮನೆಗೆ ಬಂದು, ಮೆತ್ತನೆಯ ಬಟ್ಟೆಯಿಂದ ತಟ್ಟೆ ಒರೆಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸುತ್ತಿದ್ದ. ಹೆಂಡತಿ ತೀರಿಕೊಂಡು ಮೂರು ವರ್ಷ. ಈಗ ಅವನಿಗೆ ಅದಷ್ಟೇ ಸಂಸಾರ.

ಅವಳಿಗೂ ಈ ತಟ್ಟೆಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. "ಮನುಷ್ಯರು ಕೂರೋಕೆ ಜಾಗ ಇಲ್ಲ, ಇವಕ್ಕೆ ಮಾತ್ರ ಬೀರು ಬೇಕು," ಎಂದು ಗೊಣಗುತ್ತಿದ್ದಳು. ಒಂದು ದಿನ ಬಟ್ಟೆ ಕತ್ತರಿಸುತ್ತಿದ್ದವಳ ಕೈಯಿಂದ ಕತ್ತರಿ ಜಾರಿ, ಅವನು ಪ್ರಾಣದಂತೆ ಕಾಪಾಡಿದ್ದ ತಟ್ಟೆಯ ಮೇಲೆ ಬಿತ್ತು. ಅಂದಿನಿಂದ ಮೂರನೆಯ ಹಾಡಿನ ಎರಡನೆಯ ಸಾಲು ಬರುವ ಹೊತ್ತಿಗೆ ಮುಳ್ಳು ಟಕ್ಕೆಂದು ಮೂರನೆಯ ಸಾಲಿಗೆ ಹಾರುತ್ತಿತ್ತು. ಅವನು ಎರಡು ದಿನ ಮುಖ ಊದಿಸಿಕೊಂಡು ಕೂತ. ಮೂರನೆಯ ದಿನ, ಮುಳ್ಳು ಹಾರಿದ ಕೂಡಲೇ ಅಡುಗೆಮನೆಯಿಂದ ಆ ಸಾಲನ್ನು ಅವಳೇ ಗಟ್ಟಿಯಾಗಿ ಹಾಡಿದಳು.

"ಹಾಳು ಮಾಡಿದ್ದು ನಾನು ತಾನೇ? ನಾನೇ ತುಂಬಿಕೊಡ್ತೀನಿ ಬಿಡ್ರಿ," ಎಂದಳು.

ದೇವರು ಅವಳಿಗೆ ಕಂಠವೊಂದನ್ನು ಬಿಟ್ಟು ಮಿಕ್ಕೆಲ್ಲ ಕೊಟ್ಟಿದ್ದ. ಗಾಯಕಿ ಒಂದು ಸಾಲು ಮುಂದೆ, ಇವಳು ಒಂದು ಸಾಲು ಹಿಂದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಹಾಡು ಮುಗಿಯುತ್ತಿತ್ತು. ಅವನು ಕಿವಿ ಮುಚ್ಚಿಕೊಂಡು ನಗುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು.

ಅವಳು ಹೋದ ಮೇಲೆ ಮುಳ್ಳು ಹಾರಿದರೆ ಅಡುಗೆಮನೆ ಸುಮ್ಮನಿರುತ್ತಿತ್ತು. ಅದನ್ನು ತಾಳುವುದು ಅವನ ಕೈಲಾಗಲಿಲ್ಲ. ಗೀರಿಲ್ಲದ ತಟ್ಟೆ ಸಿಕ್ಕರೆ ಸಂಕಟವೂ ತೀರೀತು ಎಂದುಕೊಂಡು ವಾರವಾರವೂ ಗುಜರಿ ಅಂಗಡಿಗಳ ಬೀದಿಯನ್ನು ಸುತ್ತಿದ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ತಟ್ಟೆ ಮಾರುವ ಹೆಂಗಸಿನ ಹತ್ತಿರ ಅದೇ ತಟ್ಟೆ ಸಿಕ್ಕಿತು, ಕನ್ನಡಿಯಷ್ಟು ನುಣುಪು.

ಮನೆಯಲ್ಲಿರುವುದಕ್ಕೆ ಗೀರು ಬಿದ್ದಿದೆ ಎಂದು ಅವನು ಹೇಳಿದ. "ದುಡ್ಡೇನೂ ಬೇಡಣ್ಣ, ನಿಮ್ಮ ಹಳೇದು ಕೊಟ್ಟುಬಿಡಿ, ಗೀರು ಬಿದ್ದದ್ದಕ್ಕೂ ಗಿರಾಕಿ ಇದ್ದಾರೆ," ಎಂದಳು ಆ ಹೆಂಗಸು.

ತಟ್ಟೆ ಕೂಡಿಡುವವರ ಪದ್ಧತಿಯೇ ಅದು: ಒಳ್ಳೆಯದು ಸಿಕ್ಕಿತೆಂದರೆ ಕೆಟ್ಟದ್ದನ್ನು ದಾಟಿಸುವುದು. ಒಂದೇ ತಟ್ಟೆಯನ್ನು ಎರಡೆರಡು ಇಟ್ಟುಕೊಳ್ಳುವವನು ಅವರ ಕಣ್ಣಿಗೆ ದಡ್ಡ. ತಟ್ಟೆರಾಯ ಹಿಂದುಮುಂದು ನೋಡದೆ ಮನೆಗೆ ಓಡಿ ಹಳೆಯದನ್ನು ತಂದು ಅವಳ ಕೈಗಿಟ್ಟ.

ಮನೆಗೆ ಮರಳಿ ಹೊಸದನ್ನು ಹಾಕಿದ. ಮೂರನೆಯ ಹಾಡಿನ ಎರಡನೆಯ ಸಾಲು ಗಾಯಕಿಯ ಕಂಠದಲ್ಲಿ ಸೊಗಸಾಗಿ, ಶ್ರುತಿ ತಪ್ಪದೆ ಬಂತು. ಎಲ್ಲೂ ಎಳ್ಳಷ್ಟು ಸಂದಿಲ್ಲ. ಹೆಂಡತಿಗೆ ಬಾಯಿ ಹಾಕಲು ಜಾಗವೇ ಇರಲಿಲ್ಲ. ಅವಳು ಉಳಿದಿದ್ದದ್ದೇ ಆ ಗೀರಿನಲ್ಲಿ, ಅದನ್ನು ಕೈಯಾರೆ ಕೊಟ್ಟು ಬಂದೆನಲ್ಲ ಎಂದು ಮತ್ತೆ ಗುಜರಿ ಬೀದಿಗೆ ಓಡಿದ.

"ಅಯ್ಯೋ, ಈಗ ತಾನೇ ಒಬ್ಬರು ಗೋಡೆ ಗಡಿಯಾರ ಮಾಡೋಕೆ ತಗೊಂಡು ಹೋದ್ರು. ನಡುವೆ ತೂತು ಹೇಗೂ ಇದೆಯಲ್ಲ," ಎಂದು ಆ ಹೆಂಗಸು ನಕ್ಕಳು. "ಯಾಕಣ್ಣ, ನಾನು ಕೊಟ್ಟಿದ್ದು ಹಾಡಲ್ವಾ?"

"ಹಾಡುತ್ತಕ್ಕ. ಚೆನ್ನಾಗೇ ಹಾಡುತ್ತೆ," ಎಂದು ತಿರುಗಿ ನಡೆದ.

ಮಧ್ಯಾಹ್ನ ಮತ್ತೆ ಅದೇ ತಟ್ಟೆ ಹಾಕಿದ. ಎರಡನೆಯ ಸಾಲಿಗೆ ಮುಂಚೆ ಮುಳ್ಳನ್ನು ಬೆರಳಿನಿಂದ ಎತ್ತಿ ಹಿಡಿದು ಅಡುಗೆಮನೆಯ ಕಡೆ ನೋಡಿದ. ಆಮೇಲೆ, ಹುಟ್ಟಿದ ಮೇಲೆ ಮೊದಲ ಸಲ, ಆ ಸಾಲನ್ನು ತಾನೇ ಗಟ್ಟಿಯಾಗಿ ಹಾಡಿದ. ಅಪಸ್ವರವೇನೋ ಬಂತು. ಆದರೆ ಅದು ಅವಳದಾಗಿರಲಿಲ್ಲ.