ಓದಿ ಹೇಳಿದ್ದೇನೆ

ಜನಾರ್ದನ ಘೋಸಾಳಕರ ಒಂದು ಕಾಲಕ್ಕೆ ಕೊಂಕಣದಲ್ಲಿ ಶಾಲಾ ಮಾಸ್ತರ. ಗದ್ದೆ ಬದುವಿನ ಜಗಳದಲ್ಲಿ ದಾಯಾದಿಯ ತಲೆಗೆ ಗುದ್ದಲಿ ಬೀಸಿ ಜೀವಾವಧಿಗೆ ಬಂದವನು. ಅಕ್ಷರ ಬಲ್ಲವನೆಂದು ಜೈಲಿನಲ್ಲಿ ಅವನನ್ನೇ ರೈಟರ್ ಮಾಡಿದರು. ಓದುಬರಹ ಬಾರದ ಕೈದಿಗಳ ಹೆಬ್ಬೆಟ್ಟಿನ ಕೆಳಗೆ ‘ಓದಿ ಹೇಳಿದ್ದೇನೆ, ತಿಳಿದುಕೊಂಡಿದ್ದಾನೆ’ ಎಂದು ಸಹಿ ಹಾಕುವುದು ಒಂಬತ್ತು ವರ್ಷದಿಂದ ಅವನ ಕೆಲಸ. ಓದಿ ಹೇಳುತ್ತಿದ್ದನೇ? ಎಲ್ಲಿಯ ಓದು! ಕಾಗದದ ಕಟ್ಟು ಬಂದ ಕೂಡಲೇ ಸಹಿ ಗೀಚಿಟ್ಟುಬಿಡುತ್ತಿದ್ದ. ಹೆಬ್ಬೆಟ್ಟು ಆಮೇಲೆ ಬೀಳುತ್ತಿತ್ತು.

ಆ ಸೋಮವಾರ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅವನ ಬಿಡುಗಡೆಯ ಕಡತ ಜೈಲಿನ ದೊಡ್ಡ ಸಾಹೇಬರ ಮೇಜಿಗೆ ಹೋಗಿತ್ತು. ಈ ವಾರ ಸಹಿಯಾದರೆ ದೀಪಾವಳಿಗೆ ಮನೆ. ಅದೇ ಹೊತ್ತಿಗೆ ಮುಂಬೈಯಿಂದ ಲ್ಯಾಬಿನವರು ಬಂದಿಳಿದರು. ಕೈದಿಗಳ ರಕ್ತ ತೆಗೆದು ಹಳೇ ಕೇಸುಗಳ ಜೊತೆ ತಾಳೆ ನೋಡುವವರು. ಅರವತ್ತು ಒಪ್ಪಿಗೆ ಪತ್ರ. ಘೋಸಾಳಕರ ಅರವತ್ತಕ್ಕೂ ಸಹಿ ಹಾಕಿ ಕೊಟ್ಟ.

ಅಂಗಳದ ಸಾಲಿನಲ್ಲಿ ಗುಲ್ಲೋ ಗುಲ್ಲು. ಹಿಂದೆ ರಕ್ತದಾನ ಮಾಡಿದವರಿಗೆ ಶಿಕ್ಷೆಯಲ್ಲಿ ಒಂದಿಷ್ಟು ದಿನ ಕಳೆದಿದ್ದರಲ್ಲ, ಇದೂ ಅದೇ ಎಂದುಕೊಂಡು ಎಲ್ಲರೂ ತೋಳೇರಿಸಿ ನಿಂತಿದ್ದರು. “ಎರಡು ಬಾಟ್ಲಿ ತಗೊಳ್ಳಿ ಮೇಡಂ, ಡಬಲ್ ದಿನ ಕಳೀಲಿ!” ಎಂದನೊಬ್ಬ, ಸೂಜಿ ಹಿಡಿದು ಕೂತಿದ್ದ ಲ್ಯಾಬಿನವಳಿಗೆ. ಜೈಲರ್ ಮೋಹಿತೆ ಕೇಳಿಯೂ ಕೇಳದವನಂತೆ ಮೀಸೆ ತಿರುವಿಕೊಂಡಿದ್ದ.

ಮೊದಲು ಕೊಟ್ಟವನು ಡಹಾಣು ಕಡೆಯ ಮುದುಕ ಲಹಾನು. ತೋಳಿಗೆ ಹತ್ತಿ ಒತ್ತಿಕೊಂಡು ನೇರ ಘೋಸಾಳಕರನ ಮೇಜಿಗೆ ಬಂದ.

“ಗುರುಜಿ, ಶಿಕ್ಷೇಲಿ ಹತ್ತು ದಿನ ಕಳೆದ್ರೆ ಈ ಶುಕ್ರವಾರಾನೇ ನಾನು ಹೊರಗೆ. ಮಗಳಿಗೊಂದು ಕಾಗ್ದ ಬರೀರಿ, ಗೇಟಿಗೆ ಬಾ ಅಂತ.”

ಅವಳು ಕೂಲಿ ಬಿಟ್ಟು ಮೂರು ಬಸ್ಸು ಹತ್ತಿ ಬರಬೇಕು. ಘೋಸಾಳಕರ ಪೆನ್ನೆತ್ತಿದ, ಬರೆಯಲಾಗಲಿಲ್ಲ. ಲ್ಯಾಬಿನವಳ ಕಟ್ಟಿನಿಂದ ಒಂದು ಒಪ್ಪಿಗೆ ಪತ್ರವನ್ನು ಎಳೆದುಕೊಂಡು ಮೊದಲ ಸಲ ಓದಿದ. ರಕ್ತ ಕೊಟ್ಟವನಿಗೆ ಲಾಭವಿಲ್ಲ, ಬೇಡವೆನ್ನಬಹುದು, ರಕ್ತಸಂಬಂಧಿಗಳ ಗುರುತೂ ಸಿಗಬಹುದು ಎಂದಿತ್ತು.

“ಲಹಾನೂ ಬಾಬಾ, ಇದಕ್ಕೆ ಒಂದು ದಿನಾನೂ ಕಳೆಯಲ್ಲ. ಇದು ದಾನ ಅಲ್ಲ, ತನಿಖೆ. ನಿನ್ನ ಮಕ್ಕಳ ಗುರುತೂ ಇದ್ರಿಂದ ಪೊಲೀಸರ ಕೈಗೆ ಸಿಗುತ್ತೆ.”

ಮುದುಕ ಕೆಂಡಾಮಂಡಲವಾದ. “ಮಕ್ಕಳನ್ನ ಯಾಕೆ ಎಳೀತೀರಿ? ಮಾಡಿದ್ದುಣ್ಣೋ ಮಹರಾಯ ಅಂತ ನಾನು ಉಣ್ತಾ ಇಲ್ವಾ? ನನ್ನ ರಕ್ತ ವಾಪಸ್ ಕೊಡ್ಸಿ!”

“ಹಾಗೆಲ್ಲ ಕೊಡಕ್ಕಾಗಲ್ಲ ಅಜ್ಜ,” ಎಂದಳು ಲ್ಯಾಬಿನವಳು. “ತಿಳ್ಕೊಂಡೇ ಕೊಟ್ಟಿದ್ದೀರಿ ಅಂತ ಇಲ್ಲಿ ಸಹಿ ಇದೆ. ಅದು ಸುಳ್ಳು ಅಂತ ಸಹಿ ಹಾಕಿದವರೇ ಬರೆದುಕೊಟ್ರೆ ಚೆಲ್ತೀನಿ.”

ಮೋಹಿತೆ ಬಂದು ಘೋಸಾಳಕರನ ಹೆಗಲ ಮೇಲೆ ಕೈಯಿಟ್ಟ. “ಮಾಸ್ತರ್, ಬಾಯಿ ಮುಚ್ಕೊಂಡಿದ್ರೆ ಹಬ್ಬಕ್ಕೆ ಹೆಂಡ್ತಿ ಕೈಯ ಕರಂಜಿ ತಿಂತೀಯ. ಇಲ್ಲಾಂದ್ರೆ ಇಲ್ಲೇ ಕೊಳೀತಾ ಬಿದ್ದಿರ್ತೀಯ.”

ಘೋಸಾಳಕರ ಎದ್ದ, ಕೂತ, ಕಿಟಕಿಯವರೆಗೆ ಹೋಗಿ ಬಂದ. ಈ ಮುದುಕನ ಮಕ್ಕಳಿಗಾಗಿ ನಾನ್ಯಾಕೆ ಹಾಳಾಗಲಿ ಎನಿಸಿತು. ಹೌದು, ಹಾಗೇ ಎನಿಸಿತು, ಸುಳ್ಳೇಕೆ ಹೇಳಲಿ? ಲಹಾನು ಮಾತ್ರ ಕದಲದೆ ಅವನ ಮುಖವನ್ನೇ ನೋಡುತ್ತಿದ್ದ.

ಕೊನೆಗೆ ಬರೆದ. ‘ಓದಿ ಹೇಳಿಲ್ಲ. ನನ್ನ ಸಹಿ ಸುಳ್ಳು.’ ಬರೆಯುವುದೇ ಆದ ಮೇಲೆ ಒಂದಕ್ಕೇಕೆ ಎಂದು ಅರವತ್ತಕ್ಕೂ ಬರೆದ.

ಲ್ಯಾಬಿನವಳು ಲಹಾನುವಿನ ಕಣ್ಣೆದುರೇ ರಕ್ತವನ್ನು ಬೇಸಿನ್ನಿಗೆ ಚೆಲ್ಲಿದಳು. ವಿಷಯ ತಿಳಿದು ಅರ್ಧ ಸಾಲು ಬೈದುಕೊಂಡು ಚದುರಿತು. ಸಂಜೆಯೊಳಗೆ ಬಿಡುಗಡೆಯ ಕಡತ ಸಹಿಯಿಲ್ಲದೆ ವಾಪಸಾಯಿತು, ರೈಟರ್ ಕೆಲಸವೂ ಹೋಯಿತು. ಘೋಸಾಳಕರನನ್ನು ಕಂಬಳಿ ನೇಯುವ ಶೆಡ್ಡಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಮಗ್ಗದ ಮುಂದೆ ಕೈದಿಗಳ ಸಾಲು ನಿಂತಿತ್ತು. ಹೊಗಳಲು ಬಂದವರೆಂದು ಅವನು ಒಂದು ಗಳಿಗೆ ಹಿಗ್ಗಿದ.

“ಗುರುಜಿ, ಮೂರು ವರ್ಷದ ಹಿಂದೆ ನನ್ನ ಹೆಬ್ಬೆಟ್ಟು ಒತ್ತಿಸಿದ್ರಲ್ಲ, ಅದ್ಯಾವ ಕಾಗ್ದ?” ಎಂದ ಮೊದಲನೆಯವನು.

“ನಂದರಲ್ಲಿ ಅಪೀಲು ಬೇಡ ಅಂತೇನಾದ್ರೂ ಇತ್ತಾ?” ಎಂದ ಅವನ ಹಿಂದಿನವನು.

ಘೋಸಾಳಕರನಿಗೆ ಒಂದೂ ನೆನಪಿರಲಿಲ್ಲ.